ಮುಂಗಡ ಕ್ರೆಡಿಟ್ಟೂ ಹಿಂದುಳಿದ ಸಿದ್ಧತೆಯೂ

ವಿದ್ಯಾಭ್ಯಾಸದ ಕ್ಷೇತ್ರಕ್ಕೆ ಈಚೆಗೆ ಬ್ಯಾಂಕಿನ ಭಾಷೆ ಪ್ರವೇಶ ಮಾಡಿದೆ. ವಿದ್ಯಾರ್ಥಿಯು ಕಲಿತ ಗಂಟೆಗಳನ್ನು ಎಣಿಸಿ, ಅವನ್ನು ಕ್ರೆಡಿಟ್ಟುಗಳನ್ನಾಗಿ ಪರಿವರ್ತಿಸಿ, ಆತನ ಖಾತೆಗೆ ಜಮಾ ಮಾಡಿ, ಬೇಕಾದಾಗ ತೆಗೆದು ಪದವಿಗೆ ಸಲ್ಲಿಸಬಹುದಾದ ವ್ಯವಸ್ಥೆಯೊಂದು ಬಂದಿದೆ. 2021ರ ಜುಲೈ ತಿಂಗಳಿನಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ತೆರೆದ ಈ ಭಂಡಾರಕ್ಕೆ ಶೈಕ್ಷಣಿಕ ಕ್ರೆಡಿಟ್ ಬ್ಯಾಂಕ್ ಎಂದೇ ನಾಮಕರಣವಾಗಿದೆ. 2023ರ ಏಪ್ರಿಲ್‌ನಲ್ಲಿ ಹೊರಬಂದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಶಾಲೆಯ ಮಕ್ಕಳನ್ನೂ ಈ ಲೆಕ್ಕದೊಳಗೆ ತಂದಿತು. ಮೂವತ್ತು ಗಂಟೆಗಳ ಕಲಿಕೆಗೆ ಒಂದು ಕ್ರೆಡಿಟ್. ವರ್ಷಕ್ಕೆ 1200 ಗಂಟೆ, 40 ಕ್ರೆಡಿಟ್. ಐದನೆಯ ತರಗತಿ ಮುಗಿಸಿದ ಮಗುವಿಗೆ ಒಂದನೆಯ ಮಟ್ಟ, ಹತ್ತನೆಯದಕ್ಕೆ ಮೂರನೆಯದು, ಹನ್ನೆರಡಕ್ಕೆ ನಾಲ್ಕನೆಯದು, ಪಿಎಚ್.ಡಿ.ಗೆ ಎಂಟನೆಯದು. ಕೇಂದ್ರೀಯ ಪ್ರೌಢಶಿಕ್ಷಣ ಮಂಡಳಿಯು 2024–25ರಲ್ಲಿ 6, 9 ಮತ್ತು 11ನೆಯ ತರಗತಿಗಳಲ್ಲಿ ಇದನ್ನು ಪ್ರಯೋಗಿಸಿ ನೋಡಲು ತನ್ನ ಶಾಲೆಗಳನ್ನು ಆಹ್ವಾನಿಸಿತು.

ಚೌಕಟ್ಟನ್ನು ರೂಪಿಸಿದವರ ಉದ್ದೇಶವನ್ನು ನಾವು ಶಂಕಿಸಬೇಕಾಗಿಲ್ಲ. ಕಸುಬಿನ ಕಲಿಕೆಗೂ ಪುಸ್ತಕದ ಕಲಿಕೆಗೂ ಒಂದೇ ತಕ್ಕಡಿ ಇರಲಿ, ಒಂದೆಡೆ ಓದಿದ್ದು ಇನ್ನೊಂದೆಡೆ ವ್ಯರ್ಥವಾಗದಿರಲಿ ಎಂಬುದು ಒಳ್ಳೆಯ ಆಶಯವೇ ಸರಿ. ಶಂಕಿಸಬೇಕಾದುದು ಅದರ ಸುತ್ತ ಹುಟ್ಟಿಕೊಂಡಿರುವ ಆತುರವನ್ನು. ‘ಕಾಲೇಜು ಸೇರುವ ಮೊದಲೇ ಕಾಲೇಜಿನ ಕ್ರೆಡಿಟ್’ ಎಂಬ ಮಾತು ಬೆಂಗಳೂರಿನ ದೊಡ್ಡ ಶಾಲೆಗಳ ಪರಿಚಯಪತ್ರಗಳಿಂದ ಹೊರಟು, ಶಿವಮೊಗ್ಗೆಯನ್ನು ದಾಟಿ, ಈಗ ಆನಂದಪುರದ ಬಸ್ ನಿಲ್ದಾಣದ ಮಾತುಕತೆಗೂ ಬಂದಿದೆ. ನಮ್ಮ ಸದ್ಭಕ್ತರು ಕೇಳುತ್ತಿದ್ದಾರೆ: ನಮ್ಮ ಮಕ್ಕಳೇಕೆ ಹಿಂದುಳಿಯಬೇಕು? ನಮ್ಮ ಶಾಲೆಗಳಲ್ಲಿಯೂ ಇದು ಬರಬಾರದೆ? ಈ ಪ್ರಶ್ನೆಗೆ ನೇರವಾಗಿ ಉತ್ತರ ಹೇಳಬೇಕಾದ ಕಾಲ ಬಂದಿರುವುದರಿಂದ ಈ ಲೇಖನ. ಬರಬಾರದು ಎಂದು ನಾನು ಹೇಳುವುದಿಲ್ಲ. ಅದಕ್ಕೆ ಮೊದಲು ಬರಬೇಕಾದುದು ಇನ್ನೂ ಬಂದಿಲ್ಲ, ಅದು ಬಾರದಿರುವುದಕ್ಕೆ ನಮ್ಮವರೂ ಹೊಣೆಗಾರರು ಎಂದು ಹೇಳುತ್ತೇನೆ.

‘ಕ್ರೆಡಿಟ್’ ಎಂಬ ವಸ್ತು ಮಲೆನಾಡಿನವರಿಗೆ ಹೊಸದಲ್ಲ. ಕನ್ನಡದಲ್ಲಿ ಅದಕ್ಕೆ ಪತ್ತು ಎನ್ನುತ್ತೇವೆ. ಪತ್ತಿನ ಸಹಕಾರ ಸಂಘದ ನಾಮಫಲಕ ಕಾಣಿಸದ ಪೇಟೆ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಇಲ್ಲವೆಂದರೂ ಸಲ್ಲುತ್ತದೆ. ಅಡಿಕೆ ಬೆಳೆಗಾರರ ಸಂಘವಾದ ಮಾಮ್ಕೋಸ್ 1939ರಲ್ಲಿಯೇ ಹುಟ್ಟಿದ್ದು. ಮುಂಗಡ ಕೊಡುವವನು ಮೊದಲು ತೋಟ ನೋಡುತ್ತಾನೆ. ಮರದಲ್ಲಿ ಎಷ್ಟು ಗೊನೆ ನಿಂತಿದೆ, ಕೊಳೆರೋಗ ಎಷ್ಟನ್ನು ತಿಂದಿದೆ ಎಂದು ಎಣಿಸುತ್ತಾನೆ. ತೋಟವಿಲ್ಲದವನಿಗೆ ಚೀಟಿ ಬರೆದುಕೊಟ್ಟರೆ ಅದು ಪತ್ತಲ್ಲ, ಬರಿಯ ಕಾಗದ.

ಇಲ್ಲಿ ಜಾಣ ಓದುಗರೊಬ್ಬರು ನನ್ನನ್ನು ತಡೆಯಬಹುದು. ‘ಸ್ವಾಮಿ, ನಮ್ಮ ಕಡೆ ಎಳೆಯ ಕಾಯಿಗೇ ಬೆಲೆ ಹೆಚ್ಚು, ಹಣ್ಣಾಗಿ ಉದುರಿದ್ದು ಗೋಟಾಗುತ್ತದೆ, ಅದನ್ನು ಕೇಳುವವರಿಲ್ಲ. ಮಕ್ಕಳನ್ನೂ ಎಳೆಯ ವಯಸ್ಸಿನಲ್ಲೇ ಮುಂದಕ್ಕೆ ಕಳಿಸಿದರೆ ತಪ್ಪೇನು?’ ಎಂದು. ಸರಿಯಾದ ಪ್ರಶ್ನೆ. ಎಳೆಯ ಕಾಯಿ ಕೊಯ್ದವನು ಅಂದೇ ಅದನ್ನು ಮಂಡಿಗೆ ಒಯ್ಯುವನೆ? ಸುಲಿಸುತ್ತಾನೆ, ಚೊಗರಿನಲ್ಲಿ ಬೇಯಿಸುತ್ತಾನೆ, ಮಳೆ ಬಂದರೆ ಎದ್ದು ಓಡಿ ಮುಚ್ಚುತ್ತ ಬಿಸಿಲಿಗೆ ಒಣಗಿಸುತ್ತಾನೆ. ಅಷ್ಟಾದ ಮೇಲೆ ಅದು ಸರಕು. ಕೊಯ್ದ ಮಾತ್ರಕ್ಕೆ ಸರಕಾಗುವುದಿದ್ದರೆ ಮಲೆನಾಡಿನ ಹೆಣ್ಣುಮಕ್ಕಳು ರಾತ್ರಿಯಿಡೀ ಕುಳಿತು ಅಡಿಕೆ ಸುಲಿಯಬೇಕಾಗಿರಲಿಲ್ಲ. ಬೇಗ ಕೊಯ್ಯುವ ಮಾತು ಎಲ್ಲರಿಗೂ ಪ್ರಿಯ. ಬೇಯಿಸುವ ಒಲೆಯ ಮುಂದೆ ಕೂರುವವರಾರು ಎಂಬುದೇ ನನ್ನ ಪ್ರಶ್ನೆ.

ಮುಂಗಡವಾಗಿ ಕಾಲೇಜಿನ ಕ್ರೆಡಿಟ್ ಪಡೆಯುವ ಪದ್ಧತಿ ಬೇರೂರಿರುವುದು ಅಮೆರಿಕದಲ್ಲಿ. ಅಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ರಜೆಗೆ ಊರಿಗೆ ಬಂದಾಗ ತಮ್ಮ ಮಕ್ಕಳ ‘ಎ.ಪಿ.’ ಪರೀಕ್ಷೆಗಳ ಸುದ್ದಿ ಹೇಳುತ್ತಾರೆ, ಕೇಳಿದವರು ಬೆರಗಾಗುತ್ತಾರೆ. ಆ ಪದ್ಧತಿ ಹುಟ್ಟಿದ ಕಾರಣವನ್ನು ಮಾತ್ರ ಯಾರೂ ಕೇಳುವುದಿಲ್ಲ. 1950ರ ದಶಕದ ಆರಂಭದಲ್ಲಿ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಗಳೂ ಅವುಗಳಿಗೆ ಮಕ್ಕಳನ್ನು ಕಳುಹಿಸುತ್ತಿದ್ದ ಮೂರು ಶ್ರೀಮಂತ ಖಾಸಗಿ ಶಾಲೆಗಳೂ ಕೂಡಿ ಒಂದು ಪರಿಶೀಲನೆ ನಡೆಸಿದವು. ಅವರು ಕಂಡುಕೊಂಡ ತೊಂದರೆಯೆಂದರೆ, ಆ ಶಾಲೆಗಳಲ್ಲಿ ಚೆನ್ನಾಗಿ ಕಲಿತ ಹುಡುಗರು ಕಾಲೇಜಿನ ಮೊದಲ ವರ್ಷದಲ್ಲಿ ಅದನ್ನೇ ಮತ್ತೆ ಕೇಳಿ ಬೇಸತ್ತು ಕುಳಿತುಕೊಳ್ಳುತ್ತಿದ್ದರು. ಕಲಿತದ್ದನ್ನೇ ಮತ್ತೆ ಕಲಿಸಬೇಡಿ ಎಂಬ ಬೇಡಿಕೆಯಿಂದ ಆ ಪರೀಕ್ಷೆ ಹುಟ್ಟಿತು. ಆ ದಶಕದ ನಡುವಿನಿಂದ ಕಾಲೇಜ್ ಬೋರ್ಡ್ ಎಂಬ ಸಂಸ್ಥೆ ಅದನ್ನು ನಡೆಸುತ್ತ ಬಂದಿದೆ.

ನಮ್ಮ ತೊಂದರೆ ಇದಕ್ಕೆ ತೀರ ವಿರುದ್ಧವಾದದ್ದು. ನಮ್ಮ ಹುಡುಗ ಕಾಲೇಜಿನ ಬೆಂಚಿನ ಮೇಲೆ ಕುಳಿತು ಕೇಳುವುದು ಹಿಂದೆ ಎಂದೂ ಕೇಳದ ಭಾಷೆಯನ್ನು. ಹತ್ತನೆಯ ತರಗತಿಯವರೆಗೆ ದ್ಯುತಿಸಂಶ್ಲೇಷಣೆ, ವೇಗೋತ್ಕರ್ಷ, ಸಮಾಂತರ ಶ್ರೇಢಿ, ವರ್ಗಸಮೀಕರಣ ಎಂದು ಕಲಿತು, ಪರೀಕ್ಷೆಯಲ್ಲಿ ಉತ್ತಮ ಅಂಕವನ್ನೇ ಪಡೆದವನು ಜೂನ್ ತಿಂಗಳ ಮಳೆಯಲ್ಲಿ ಕಾಲುಸಂಕ ದಾಟಿ, ಬಸ್ಸು ಹಿಡಿದು, ವಿಜ್ಞಾನ ವಿಭಾಗದ ಪದವಿಪೂರ್ವ ತರಗತಿಗೆ ಬಂದು ಕುಳಿತರೆ ಅವೇ ವಿಷಯಗಳು ಫೋಟೋಸಿಂಥೆಸಿಸ್, ಆಕ್ಸಲರೇಷನ್ ಎಂಬ ವೇಷ ತೊಟ್ಟು ಅಪರಿಚಿತರಂತೆ ಎದುರು ನಿಲ್ಲುತ್ತವೆ. ತಿಳಿದದ್ದೇ ತಿಳಿಯದಂತಾಗುತ್ತದೆ. ಆಷಾಢ ಕಳೆಯುವುದರೊಳಗೆ ಆತ ವಿಷಯವನ್ನು ಅರಿಯುವ ಆಸೆಯನ್ನು ಕೈಬಿಟ್ಟು ಬಾಯಿಪಾಠಕ್ಕೆ ಇಳಿಯುತ್ತಾನೆ. ನಾನು ಉಪನ್ಯಾಸಕನಾಗಿದ್ದ ವರ್ಷಗಳಲ್ಲಿ ಟಿಪ್ಪಣಿಯನ್ನು ಹೇಳಿ ಬರೆಸಿದರೆ ಒಂದಕ್ಷರ ಬಿಡದೆ ಬರೆದುಕೊಳ್ಳುವ ಹುಡುಗರನ್ನು ನೂರಾರು ಕಂಡೆ. ಅದೇ ವಿಷಯವನ್ನು ಪುಸ್ತಕ ಮುಚ್ಚಿ ಸ್ವಂತ ಮಾತಿನಲ್ಲಿ, ಕನ್ನಡದಲ್ಲಿಯೇ ಆಗಲಿ, ಹತ್ತು ಸಾಲು ಬರೆಯಿರಿ ಎಂದಾಗ ಪೆನ್ನು ಕೆಳಗಿಡದವರು ಬೆರಳೆಣಿಕೆಯಷ್ಟು. ಬುದ್ಧಿಯ ಕೊರತೆ ಅವರಲ್ಲಿ ಇರಲಿಲ್ಲ. ಅವರಿಗೆ ಯಾರೂ ಹಾಗೆ ಬರೆಯಲು ಎಂದೂ ಹೇಳಿರಲಿಲ್ಲ.

ಸಿದ್ಧತೆ ಎಷ್ಟು ತೆಳ್ಳಗಿದೆ ಎಂಬುದನ್ನು 2024ರ ಎಸ್.ಎಸ್.ಎಲ್.ಸಿ. ಪರೀಕ್ಷೆ ಬಯಲು ಮಾಡಿತು. ಆ ವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮೂಲಕ ಕಾವಲು ಮಾಡಲಾಯಿತು. ಹಿಂದಿನ ವರ್ಷ ಶೇ. 83.89 ಇದ್ದ ರಾಜ್ಯದ ಫಲಿತಾಂಶ ಶೇ. 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಶೇ. 20ಕ್ಕೆ ಏರಿಸಿದ ಮೇಲೆ. ನಮ್ಮ ಶಿವಮೊಗ್ಗ ಜಿಲ್ಲೆ ಉಡುಪಿ, ದಕ್ಷಿಣ ಕನ್ನಡಗಳ ನಂತರ ಮೂರನೆಯ ಸ್ಥಾನದಲ್ಲಿ ನಿಂತದ್ದು ಸಂತೋಷದ ಸಂಗತಿಯೇ. ಆದರೆ ಒಂದು ಕ್ಯಾಮೆರಾ ಇಟ್ಟರೆ ಕೃಪಾಂಕದ ಊರುಗೋಲಿಲ್ಲದೆ ನಿಲ್ಲಲಾರದ ವ್ಯವಸ್ಥೆಯು, ಅದೇ ಮಕ್ಕಳ ಖಾತೆಗೆ ಕಾಲೇಜಿನ ಕ್ರೆಡಿಟ್ಟನ್ನು ಮುಂಚಿತವಾಗಿ ಜಮಾ ಮಾಡಹೊರಟರೆ ಏನೆನ್ನಬೇಕು?

ಅಮೆರಿಕದ ಪದ್ಧತಿಗೆ ಇನ್ನೊಂದು ಕಾರಣವೂ ಉಂಟು, ಅದು ಹಣ. ಅಲ್ಲಿ ಕಾಲೇಜಿನಲ್ಲಿ ಪ್ರತಿಯೊಂದು ಕ್ರೆಡಿಟ್ಟಿಗೂ ಬೆಲೆಯಿದೆ, ಆ ಬೆಲೆ ಭಾರಿಯಾದದ್ದು. ಶಾಲೆಯಲ್ಲಿರುವಾಗಲೇ ಕೆಲವನ್ನು ಗಳಿಸಿದರೆ ತಂದೆತಾಯಿಗಳ ಸಾಲ ಅಷ್ಟು ಕಡಿಮೆಯಾಗುತ್ತದೆ. ನಮ್ಮಲ್ಲಿ ಸರ್ಕಾರಿ ಪ್ರಥಮದರ್ಜೆ ಕಾಲೇಜಿನ ಬೋಧನಾಶುಲ್ಕದಿಂದ ಯಾವ ಕುಟುಂಬವೂ ಮುಳುಗಿಲ್ಲ. ಮುಳುಗಿಸುವುದು ಕೊಠಡಿಯ ಬಾಡಿಗೆ, ಎರಡು ಹೊತ್ತಿನ ಊಟ, ಮನೆಯಲ್ಲಿ ದುಡಿಯುವ ಒಂದು ಜೊತೆ ಕೈ ಕಡಿಮೆಯಾಗುವುದು. 2023ರ ಜೂನ್‌ನಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ದೊರೆಯಿತು. ಖಾಸಗಿ ಬಸ್ಸುಗಳನ್ನೇ ನಂಬಿ ಬದುಕುವ ನಮ್ಮ ಒಳಹಳ್ಳಿಗಳ ಹುಡುಗಿಗೆ ಅದು ಹೆದ್ದಾರಿಯವರೆಗೆ ನಡೆದು ಬಂದರೆ ಮಾತ್ರ ಸಿಗುವ ಸೌಲಭ್ಯ. ಕ್ರೆಡಿಟ್ ಮುಂಗಡವಾಗಿ ಸಿಕ್ಕಿದರೆ ಈ ಯಾವ ಖರ್ಚು ತಗ್ಗೀತು? ಸ್ವಯಂ ಎಂಬ ಅಂತರ್ಜಾಲ ವೇದಿಕೆ 2017ರಿಂದ ಪಾಠಗಳನ್ನು ಉಚಿತವಾಗಿ ಕೊಡುತ್ತಿದೆ, 2021ರ ನಿಯಮದಂತೆ ಪದವಿಯ ಶೇ. 40ರವರೆಗಿನ ಕ್ರೆಡಿಟ್ಟನ್ನು ಅಲ್ಲಿಂದಲೇ ತರಬಹುದು ಎನ್ನುವವರಿಗೂ ಇದೇ ಉತ್ತರ. ಪಾಠ ಉಚಿತ, ನಿಜ. ಪ್ರಮಾಣಪತ್ರ ಬೇಕಾದರೆ ಪರೀಕ್ಷೆಗೆ ಶುಲ್ಕ ಕಟ್ಟಿ ನಗರದ ಕೇಂದ್ರಕ್ಕೆ ಹೋಗಬೇಕು. ಮೊಬೈಲ್ ಸಂಕೇತಕ್ಕಾಗಿ ಗುಡ್ಡ ಹತ್ತುವ ಊರುಗಳು ಹೊಸನಗರ ತಾಲ್ಲೂಕಿನಲ್ಲಿವೆ ಎಂಬುದನ್ನು ಅಲ್ಲಿಯ ಓದುಗರಿಗೆ ನಾನು ಹೇಳಬೇಕಾಗಿಲ್ಲ.

ಕಲಿತದ್ದನ್ನು ಮುಂದಿನ ಮೆಟ್ಟಿಲಿಗೆ ಲೆಕ್ಕ ಹಿಡಿಯುವ ಕ್ರಮ ನಮ್ಮಲ್ಲಿ ಇರಲೇ ಇಲ್ಲವೆಂದು ತಿಳಿಯಬಾರದು. ಕ್ರೆಡಿಟ್ ಎಂಬ ಹೆಸರಿಲ್ಲದೆಯೇ ಅದು ಬಹುಕಾಲದಿಂದ ನಡೆಯುತ್ತಿದೆ. ಹತ್ತನೆಯ ತರಗತಿಯ ನಂತರ ಪಾಲಿಟೆಕ್ನಿಕ್ ಸೇರಿ ಡಿಪ್ಲೊಮಾ ಮುಗಿಸಿದವನು ಇಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ನೇರವಾಗಿ ಸೇರುತ್ತಾನೆ. ಬಡವರ ಮಕ್ಕಳನ್ನು, ಕನ್ನಡ ಮಾಧ್ಯಮದ ಮಕ್ಕಳನ್ನು ಇಂಜಿನಿಯರುಗಳನ್ನಾಗಿ ಮಾಡಿದ ರಾಜಮಾರ್ಗವಿದು. ಈ ಪತ್ರಿಕೆಯ ಓದುಗರಲ್ಲಿಯೇ ಆ ಹಾದಿಯಲ್ಲಿ ನಡೆದವರಿದ್ದಾರೆ. ಅವರನ್ನು ಕೇಳಿ ನೋಡಿ, ಎರಡನೆಯ ವರ್ಷದಲ್ಲಿ ಅವರ ನಿದ್ದೆ ಕೆಡಿಸಿದ್ದು ಯಾವುದೆಂದು. ಗಣಿತ ಎನ್ನುತ್ತಾರೆ. ಪದವಿಪೂರ್ವ ತರಗತಿಯ ಎರಡು ವರ್ಷ, ಇಂಜಿನಿಯರಿಂಗಿನ ಮೊದಲ ವರ್ಷ, ಈ ಮೂರರ ಗಣಿತವನ್ನು ದಾಟಿ ಬಂದವರ ಪಕ್ಕದಲ್ಲಿ ಕುಳಿತು ಅವರು ಅದೇ ಪಾಠ ಕೇಳಬೇಕು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಇದನ್ನು ಅರಿತಿತ್ತು. ಅದರ 2018ರ ಪಠ್ಯಕ್ರಮದಲ್ಲಿ ಹೀಗೆ ಸೇರಿದವರಿಗೆ ಮೂರನೆಯ, ನಾಲ್ಕನೆಯ ಸೆಮಿಸ್ಟರುಗಳಲ್ಲಿ ಹೆಚ್ಚುವರಿ ಗಣಿತವೆಂಬ ಸೇತುಪಾಠವನ್ನಿಟ್ಟಿತ್ತು. ಅದನ್ನು ಓದಲೇಬೇಕು, ಪಾಸಾಗಲೇಬೇಕು. ಅದಕ್ಕೆ ಕೊಟ್ಟ ಕ್ರೆಡಿಟ್ ಎಷ್ಟು? ಸೊನ್ನೆ.

ಈ ಸೊನ್ನೆಯನ್ನು ಓದುಗರು ಸ್ವಲ್ಪ ಹೊತ್ತು ದಿಟ್ಟಿಸಿ ನೋಡಬೇಕೆಂದು ನನ್ನ ಪ್ರಾರ್ಥನೆ. ವಿದ್ಯಾರ್ಥಿಯನ್ನು ದಡ ಸೇರಿಸುವ ಪಾಠಕ್ಕೆ ಲೆಕ್ಕದ ಪುಸ್ತಕದಲ್ಲಿ ಬೆಲೆಯಿಲ್ಲ. ಅದನ್ನು ಕಲಿಸುವ ಅಧ್ಯಾಪಕನಿಗೆ ಹಿರಿಮೆಯಿಲ್ಲ, ಕಲಿಯುವವನಿಗೆ ಅಂಕದ ಆಸೆಯಿಲ್ಲ. ಹೇಗೋ ಮುಗಿಸಿದರಾಯಿತು ಎಂಬ ಭಾವ ಇಬ್ಬರಲ್ಲಿಯೂ ಬೆಳೆಯುತ್ತದೆ. ಸಿದ್ಧತೆಗೆ ಸೊನ್ನೆ ಬರೆದು, ಮುಂಗಡಕ್ಕೆ ನಲವತ್ತು ಬರೆಯುವ ಲೆಕ್ಕಿಗನನ್ನು ಯಾವ ಸಹಕಾರ ಸಂಘವಾದರೂ ಕೆಲಸದಲ್ಲಿ ಇಟ್ಟುಕೊಂಡೀತೆ?

ಕ್ರೆಡಿಟ್ಟಿನ ಬೆಲೆ ಸರ್ಕಾರದ ಧೋರಣೆಯನ್ನು ಅವಲಂಬಿಸಿದೆ ಎಂಬುದನ್ನಂತೂ ಕರ್ನಾಟಕದ ಮಕ್ಕಳು ಕಣ್ಣಾರೆ ಕಂಡಿದ್ದಾರೆ. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿ ಕಾಲೇಜುಗಳಲ್ಲಿ ದೇಶದಲ್ಲೇ ಮೊದಲು ಜಾರಿಗೆ ತಂದ ಹೆಗ್ಗಳಿಕೆಯೊಡನೆ ನಮ್ಮ ರಾಜ್ಯವು 2021–22ರಲ್ಲಿ ನಾಲ್ಕು ವರ್ಷದ ಪದವಿಯನ್ನು ಆರಂಭಿಸಿತು. ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿದ ನಮ್ಮ ಭಾಗದ ಕಾಲೇಜುಗಳು ರಾತ್ರೋರಾತ್ರಿ ಹೊಸ ಪಠ್ಯಕ್ರಮಕ್ಕೆ ಹೊಂದಿಕೊಂಡವು. ಸರ್ಕಾರ ಬದಲಾಯಿತು, 2023ರ ಅಕ್ಟೋಬರಿನಲ್ಲಿ ಪ್ರೊ. ಸುಖದೇವ್ ಥೋರಟ್ ಅವರ ನೇತೃತ್ವದಲ್ಲಿ ರಾಜ್ಯದ್ದೇ ಆದ ಶಿಕ್ಷಣ ನೀತಿಗಾಗಿ ಆಯೋಗ ನೇಮಕವಾಯಿತು. ಅದರ ಮಧ್ಯಂತರ ವರದಿಯ ಮೇಲೆ 2024–25ರಿಂದ ಪದವಿ ಮತ್ತೆ ಮೂರು ವರ್ಷಕ್ಕೆ ಮರಳಿತು. ಯಾವುದು ಸರಿ, ಯಾವುದು ತಪ್ಪು ಎಂಬ ರಾಜಕಾರಣದ ಚರ್ಚೆಗೆ ಈ ಪತ್ರಿಕೆ ವೇದಿಕೆಯಲ್ಲ. ಮೂರು ಸಾಲಿನ ವಿದ್ಯಾರ್ಥಿಗಳು ಒಂದು ಲೆಕ್ಕದಲ್ಲಿ ಸೇರಿ, ಅವರ ತಮ್ಮತಂಗಿಯರು ಇನ್ನೊಂದು ಲೆಕ್ಕದಲ್ಲಿ ಸೇರಿದರು ಎಂಬುದಷ್ಟೇ ಇಲ್ಲಿ ಮುಖ್ಯ. ಲೆಕ್ಕದ ರೀತಿ ಹೀಗೆ ಬದಲಾದಾಗಲೂ ಒಂದು ಪುಟವನ್ನು ಓದಿ ಅರ್ಥಮಾಡಿಕೊಳ್ಳಬಲ್ಲವನಿಗೆ ನಷ್ಟವೇನೂ ಆಗಲಿಲ್ಲ. ಆ ಶಕ್ತಿ ಇಲ್ಲದವನಿಗೆ ಹಳೆಯದರಿಂದಲೂ ಲಾಭವಿರಲಿಲ್ಲ, ಹೊಸದರಿಂದಲೂ ಇಲ್ಲ.

ಇನ್ನು ‘ನಡುವೆ ಹೊರಹೋಗುವ ಬಾಗಿಲು’. ಒಂದು ವರ್ಷ ಓದಿ ಬಿಟ್ಟರೆ ಸರ್ಟಿಫಿಕೇಟ್, ಎರಡು ವರ್ಷಕ್ಕೆ ಡಿಪ್ಲೊಮಾ. ಗಳಿಸಿದ ಕ್ರೆಡಿಟ್ ಬ್ಯಾಂಕಿನಲ್ಲಿ ಏಳು ವರ್ಷ ಭದ್ರ, ಬೇಕಾದಾಗ ಮರಳಿ ಬರಬಹುದು. ಕೇಳಲು ಎಷ್ಟು ಉದಾರವಾಗಿದೆ! ಆದರೆ ಆ ಬಾಗಿಲಿನಿಂದ ಹೊರನಡೆಯುವವರು ಯಾರು? ವೈದ್ಯರ ಮಗನೆ? ಮಂಡಿಯ ಮಾಲೀಕರ ಮಗಳೆ? 1951ರಲ್ಲಿ ಕಾಗೋಡಿನಲ್ಲಿ ಸತ್ಯಾಗ್ರಹ ಮಾಡಿದ ಗೇಣಿದಾರರ ಮೊಮ್ಮಕ್ಕಳು, 1960ರ ದಶಕದಲ್ಲಿ ಲಿಂಗನಮಕ್ಕಿಯ ನೀರಿನಿಂದ ನೆಲ ಕಳೆದುಕೊಂಡು ಚದುರಿಹೋದ ಕುಟುಂಬಗಳ ಮಕ್ಕಳು, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮುಖ ಕಂಡವರು, ಮದುವೆಯ ಮಾತು ಬಂದ ಕೂಡಲೇ ಪುಸ್ತಕ ಮಡಚಿಡಬೇಕಾದ ಹುಡುಗಿಯರು. ಮೊದಲು ಇವರು ಓದು ಬಿಟ್ಟರೆ ಊರಿನ ಮೇಷ್ಟ್ರಾದರೂ ಮನೆಗೆ ಬಂದು, ‘ಏನು ತಾಯಿ, ಮಗಳನ್ನು ಯಾಕೆ ನಿಲ್ಲಿಸಿದಿರಿ?’ ಎಂದು ಕೇಳುತ್ತಿದ್ದರು. ಇನ್ನು ಕೇಳುವುದಕ್ಕೂ ಅವಕಾಶವಿಲ್ಲ. ಅವಳು ಓದು ಬಿಟ್ಟಿಲ್ಲ, ‘ನಿರ್ಗಮಿಸಿದ್ದಾಳೆ’, ಕೈಯಲ್ಲಿ ಸರ್ಟಿಫಿಕೇಟ್ ಇದೆ! ಅವಳು ಏಳು ವರ್ಷದೊಳಗೆ ಎರಡು ಮಕ್ಕಳನ್ನು ಕಟ್ಟಿಕೊಂಡು ಕ್ರೆಡಿಟ್ ತೆಗೆಯಲು ಬರುತ್ತಾಳೆಂದು ನಂಬುವವರು ಹಳ್ಳಿಯ ಸಂಸಾರವನ್ನು ಕಂಡವರಲ್ಲ.

ವಿಚಿತ್ರವೆಂದರೆ ನಮ್ಮ ಮಕ್ಕಳಿಗೆ ನಿಜವಾಗಿ ಉಪಯೋಗವಾಗುವ ನಿಯಮದ ಬಗ್ಗೆ ಯಾರೂ ಮಾತೆತ್ತುವುದಿಲ್ಲ. 2024ರ ನವೆಂಬರಿನಲ್ಲಿ ಧನಸಹಾಯ ಆಯೋಗವು ಎರಡು ಕ್ರಮಗಳಿಗೆ ಒಪ್ಪಿಗೆ ಕೊಟ್ಟಿತು. ಒಂದು, ಹೆಚ್ಚು ಕ್ರೆಡಿಟ್ ಗಳಿಸಿ ಪದವಿಯನ್ನು ನಿಗದಿತ ಅವಧಿಗೆ ಮೊದಲೇ ಮುಗಿಸುವ ತ್ವರಿತ ಕ್ರಮ. ಇದು ಕಾಲೇಜಿಗೆ ಮಂಜೂರಾದ ಸ್ಥಾನಗಳಲ್ಲಿ ಶೇ. 10ಕ್ಕೆ ಸೀಮಿತ. ಇನ್ನೊಂದು, ಸೆಮಿಸ್ಟರಿಗೆ ಕಡಿಮೆ ಭಾರ ಹೊತ್ತು, ಎರಡು ಸೆಮಿಸ್ಟರುಗಳವರೆಗೆ ಹೆಚ್ಚು ಕಾಲ ತೆಗೆದುಕೊಂಡು ಅದೇ ಪದವಿ ಪಡೆಯುವ ವಿಸ್ತೃತ ಕ್ರಮ. ಎರಡೂ ಒಂದೇ ದಿನ, ಒಂದೇ ಸಭೆಯಲ್ಲಿ ಹುಟ್ಟಿದ ಅವಳಿಗಳು. ಮೊದಲನೆಯದರ ಹೆಸರು ಎಲ್ಲರ ಬಾಯಲ್ಲಿ. ಎರಡನೆಯದನ್ನು ಹೇಳಿಕೊಳ್ಳುವುದೂ ನಾಚಿಕೆ! ಮನೆಯ ಕೆಲಸದ ನಡುವೆ ಓದುವ ಹುಡುಗಿಗೆ, ಕೊಯಿಲಿನ ಕಾಲದಲ್ಲಿ ತೋಟ ಬಿಟ್ಟು ಬರಲಾಗದ ಹುಡುಗನಿಗೆ, ಇಂಗ್ಲಿಷಿನೊಡನೆ ಇನ್ನೂ ಸೆಣಸುತ್ತಿರುವವನಿಗೆ ಬೇಕಾದುದು ಇದೇ. ನಿಧಾನವಾಗಿ ಕಲಿಯುವುದು ಅಪಮಾನವೆಂದು ಯಾರು ಹೇಳಿಕೊಟ್ಟರು ನಮಗೆ?

ಇದುವರೆಗೆ ಅನ್ಯರ ಮಾತಾಯಿತು; ಇನ್ನು ನಮ್ಮದು. ಇದನ್ನು ಬರೆಯುವಾಗ ಸಂಕೋಚವಾಗುತ್ತದೆ, ಬರೆಯದಿದ್ದರೆ ತಪ್ಪಾಗುತ್ತದೆ.

ನಮ್ಮ ಸಮಾಜದ ಹಿರಿಯರು ವಿದ್ಯೆಗಾಗಿ ಮಾಡಿದ ತ್ಯಾಗ ಸರ್ವವಿದಿತ. 1906ರಲ್ಲಿ ಕಾಲವಾದ ಸಿರಸಂಗಿಯ ಲಿಂಗರಾಜ ದೇಸಾಯರು ತಮ್ಮ ಸಂಸ್ಥಾನದ ಆಸ್ತಿಯನ್ನೇ ಬಡ ವಿದ್ಯಾರ್ಥಿಗಳ ಓದಿಗೆ ಬರೆದಿಟ್ಟರು. ಏಳು ಮಂದಿ ತರುಣ ಅಧ್ಯಾಪಕರು 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಒಂದು ಶಾಲೆ ತೆರೆದರು, ಕೆ.ಎಲ್.ಇ. ಸಂಸ್ಥೆ ಬೆಳೆದದ್ದು ಆ ಬೀಜದಿಂದ. ಸಿದ್ಧಗಂಗೆಯ ಲಿಂ. ಶ್ರೀ ಶಿವಕುಮಾರ ಮಹಾಸ್ವಾಮಿಗಳವರು 1941ರಲ್ಲಿ ಮಠದ ಹೊಣೆ ಹೊತ್ತು 2019ರವರೆಗೆ ನಡೆಸಿದ ದಾಸೋಹದಲ್ಲಿ ಸಾವಿರಾರು ಮಕ್ಕಳು ಒಟ್ಟಿಗೆ ಕುಳಿತು ಉಂಡು ಓದಿದರು. ಇವರೆಲ್ಲ ಕೊಟ್ಟದ್ದು ಏನು? ಅಕ್ಕಿ, ರಾಗಿ, ಒಂದು ಸೂರು, ಬೆಳಗಿನ ಜಾವ ಎಬ್ಬಿಸುವ ಗಂಟೆ, ತಪ್ಪು ಬರೆದರೆ ತಿದ್ದುವ ಒಬ್ಬ ಗುರು. ಪ್ರಸಾದನಿಲಯದ ಹಿರಿಯ ವಿದ್ಯಾರ್ಥಿ ಕಿರಿಯನಿಗೆ ಲೆಕ್ಕ ಹೇಳಿಕೊಡುತ್ತಿದ್ದ. ಇಂಗ್ಲಿಷ್ ಪಾಠವನ್ನು ಕಂಬಕ್ಕೆ ಒರಗಿ ಕುಳಿತು ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದ. ಕಾಲೇಜಿನ ಸಿದ್ಧತೆ ಎಂದರೆ ಅದು. ಅದಕ್ಕೆ ಗಂಟೆಯ ಲೆಕ್ಕವಿರಲಿಲ್ಲ. ಆ ಜಗುಲಿಯಿಂದ ಬಂದವರು ಯಾವ ವಿಶ್ವವಿದ್ಯಾಲಯದಲ್ಲಿಯೂ ತಲೆತಗ್ಗಿಸಲಿಲ್ಲ.

ಇಂದು ಮಠಗಳ ಹೆಸರಿನಲ್ಲಿ, ಮಠಗಳ ನೆಲದಲ್ಲಿ ನಡೆಯುವ ಕೆಲವು ವಿದ್ಯಾಸಂಸ್ಥೆಗಳ ಮುಂದೆ ನಿಂತು ಅವುಗಳ ಫಲಕವನ್ನು ಓದಿ. ಆರನೆಯ ತರಗತಿಯಿಂದಲೇ ನೀಟ್, ಜೆಇಇ ತಳಪಾಯ. ಪದವಿಪೂರ್ವ ತರಗತಿಯೊಡನೆ ಬೆಸೆದ ತರಬೇತಿ. ಎಂಟು ರ‍್ಯಾಂಕುಗಳ ಎಂಟು ಭಾವಚಿತ್ರಗಳು. ಹೊಸ ಕ್ರೆಡಿಟ್ ಚೌಕಟ್ಟಿನ ಸುದ್ದಿ ಬಂದ ಮೇಲೆ ಇದಕ್ಕೂ ಒಂದು ಕ್ರೆಡಿಟ್ಟಿನ ಹಣೆಪಟ್ಟಿ ಹಚ್ಚುವ ಉತ್ಸಾಹ ಬೇರೆ. ಹತ್ತನೆಯ ತರಗತಿಯ ಪರೀಕ್ಷೆಗೆ ಮುಂಚೆ, ಹದಿನಾರು ವರ್ಷದೊಳಗಿನ ಮಕ್ಕಳನ್ನು ತರಬೇತಿ ಕೇಂದ್ರಗಳಿಗೆ ಸೇರಿಸಿಕೊಳ್ಳಬಾರದೆಂದು ಕೇಂದ್ರ ಶಿಕ್ಷಣ ಸಚಿವಾಲಯವು 2024ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿತು. ಕೇಂದ್ರಕ್ಕೆ ಸೇರಿಸಬಾರದು, ಸರಿ. ಶಾಲೆಯನ್ನೇ ಕೇಂದ್ರವಾಗಿಸಿದರೆ ಮಾರ್ಗಸೂಚಿ ಮುಟ್ಟೀತೆ? ಈ ಜಾಣತನ ವ್ಯಾಪಾರಿಗೆ ಒಪ್ಪಬಹುದು. ದಾಸೋಹದ ಹೆಸರು ಹೇಳುವವರಿಗೆ ಒಪ್ಪುವುದಿಲ್ಲ.

ಎಂಟು ಭಾವಚಿತ್ರಗಳ ಬಗ್ಗೆ ನನ್ನ ಆಕ್ಷೇಪವಿಲ್ಲ. ಆ ಎಂಟು ಮಕ್ಕಳೊಡನೆ ಸೇರಿದ ಉಳಿದವರ ಭಾವಚಿತ್ರಗಳೆಲ್ಲಿ? ಎಷ್ಟು ಮಂದಿ ಮೊದಲ ವರ್ಷದಲ್ಲೇ ವಿಜ್ಞಾನ ಬಿಟ್ಟು ಬೇರೆ ವಿಭಾಗಕ್ಕೆ ಹೋದರು? ಎಷ್ಟು ಮಂದಿ ಟಿ.ಸಿ. ಪಡೆದು ಊರಿಗ ಮರಳಿದರು? ಆ ಮಕ್ಕಳ ತಂದೆತಾಯಿಗಳೂ ನಮ್ಮ ಸದ್ಭಕ್ತರೇ, ಜಾತ್ರೆಗೆ ಅಕ್ಕಿ ಬೆಲ್ಲ ತರುವವರೇ.

‘ಕಾಲಕ್ಕೆ ತಕ್ಕಂತೆ ನಡೆಯದಿದ್ದರೆ ಮಕ್ಕಳು ಬೇರೆ ಸಂಸ್ಥೆಗಳಿಗೆ ಹೋಗುತ್ತಾರೆ, ನಮ್ಮ ಕೊಠಡಿಗಳು ಖಾಲಿಯಾಗುತ್ತವೆ’ ಎಂದು ಆಡಳಿತ ಮಂಡಳಿಯವರು ಹೇಳುತ್ತಾರೆ. ಅವರ ಕಷ್ಟ ನನಗೆ ತಿಳಿಯದ್ದಲ್ಲ. ಅನುದಾನವಿಲ್ಲದ ಸಂಸ್ಥೆಗೆ ಅಧ್ಯಾಪಕರ ಸಂಬಳ ಮುಗಿಲಿನಿಂದ ಉದುರುವುದಿಲ್ಲ. ನಿಜವಾಗಿ ಚುರುಕಾದ ಮಗುವಿಗೆ ಮುಂದಿನ ಪಾಠ ಬೇಗ ಸಿಗಲಿ, ಅದಕ್ಕೆ ಅಡ್ಡಿ ಬೇಡ. 2017ರಿಂದ ನೀಟ್ ಪರೀಕ್ಷೆಯನ್ನೂ 2021ರಿಂದ ಜೆಇಇ ಮೇನ್ ಪರೀಕ್ಷೆಯನ್ನೂ ಕನ್ನಡದಲ್ಲಿ ಬರೆಯಬಹುದೆಂಬ ಸಂಗತಿಯನ್ನಾದರೂ ಅಂಥ ಮಗುವಿಗೆ ತಿಳಿಸಿರಿ. ಆದರೆ ಪೇಟೆಯ ಸಂಸ್ಥೆ ಮಾಡಿದ್ದನ್ನು ಪೇಟೆಯ ಶುಲ್ಕಕ್ಕಿಂತ ಸ್ವಲ್ಪ ಕಡಿಮೆಗೆ ಮಾಡುವುದೇ ನಮ್ಮ ಗುರಿಯಾದರೆ, ಅದಕ್ಕೆ ಮಠವೇಕೆ ಬೇಕು? ಪೇಟೆ ಮಾಡಲಾರದ್ದನ್ನು ಮಾಡುವ ಸಾಧನ ನಮ್ಮಲ್ಲಿದೆ: ನಿಲಯವಿದೆ, ಅಡುಗೆಮನೆಯಿದೆ, ಹಳೆಯ ವಿದ್ಯಾರ್ಥಿಗಳಿದ್ದಾರೆ. ಮತ್ತು ಏಪ್ರಿಲ್, ಮೇ ತಿಂಗಳುಗಳಿವೆ.

ಈ ಎರಡು ತಿಂಗಳನ್ನು ನಾವು ಹೇಗೆ ಕಳೆಯುತ್ತಿದ್ದೇವೆ? ಹತ್ತನೆಯ ತರಗತಿಯ ಪರೀಕ್ಷೆ ಮುಗಿದ ಮರುದಿನ ನಿಲಯಕ್ಕೆ ಬೀಗ ಬೀಳುತ್ತದೆ. ಅನುತ್ತೀರ್ಣರಾದವರಿಗೆ ಅದೇ ವರ್ಷ ಮತ್ತೆ ಪರೀಕ್ಷೆ ಬರೆಯುವ ಅವಕಾಶವಿದೆ. ಅದಕ್ಕೆ ಓದಬೇಕಾದ ಮಗುವಿಗೆ ಆಗಲೇ ನಿಲಯವಿಲ್ಲ. ಜೂನ್‌ನಲ್ಲಿ ಕಾಲೇಜು ಸೇರುವವನಿಗೂ ಆ ಎಂಟು ವಾರಗಳೇ ಕಟ್ಟಕಡೆಯ ಬಿಡುವು. ಬೀಗ ತೆಗೆಯಿರಿ. ಬೆಳಿಗ್ಗೆ ಎರಡು ಗಂಟೆ ಗಣಿತವಾಗಲಿ. ಭಿನ್ನರಾಶಿ, ಅನುಪಾತ, ನಕ್ಷೆ ಓದುವುದು, ಬೀಜಗಣಿತದ ಸರಳ ಲೆಕ್ಕ, ಇಷ್ಟು ಗಟ್ಟಿಯಾದರೆ ಸಾಕು. ಆಮೇಲೆ ಪದವಿಪೂರ್ವ ತರಗತಿಯ ಇಂಗ್ಲಿಷ್ ಪುಸ್ತಕದಿಂದ ದಿನಕ್ಕೆ ಒಂದೇ ಪುಟವನ್ನು ಗಟ್ಟಿಯಾಗಿ ಓದಿಸಿ, ಅದರ ಅರ್ಥವನ್ನು ಕನ್ನಡದಲ್ಲಿ ಹೇಳಿಸಿ. ಕನ್ನಡದ ಪಾರಿಭಾಷಿಕ ಪದದ ಪಕ್ಕದಲ್ಲಿ ಇಂಗ್ಲಿಷಿನದನ್ನು ಬರೆದ ಒಂದು ಟಿಪ್ಪಣಿ ಪುಸ್ತಕವನ್ನು ಮಗು ತಾನೇ ತಯಾರಿಸಿಕೊಳ್ಳಲಿ. ಸಂಜೆ ನೋಡಿ ಬರೆಯದ, ಕೇಳಿ ಬರೆಯದ, ಸ್ವಂತದ ಒಂದು ಪುಟದ ಬರವಣಿಗೆ. ಅದನ್ನು ಕೆಂಪು ಶಾಯಿಯಲ್ಲಿ ತಿದ್ದಿ ಕೊಡುವವರು ಒಬ್ಬರು. ಪದವಿಗೆ ಹೋಗುವವರಿಗೆ ಕಾಲೇಜು ಪ್ರವೇಶದ ಅಂತರ್ಜಾಲ ಅರ್ಜಿಯನ್ನೂ ವಿದ್ಯಾರ್ಥಿವೇತನದ ಅರ್ಜಿಯನ್ನೂ ಕ್ರೆಡಿಟ್ ಬ್ಯಾಂಕಿನ ಖಾತೆಯನ್ನೂ ಅಲ್ಲಿಯೇ ಕೂರಿಸಿ ತುಂಬಿಸಿ. ಕೊನೆಯ ದಿನಾಂಕ ಗೊತ್ತಾಗದೆ ವಿದ್ಯಾರ್ಥಿವೇತನ ಕಳೆದುಕೊಂಡವರು ಹಳ್ಳಿಹಳ್ಳಿಯಲ್ಲಿದ್ದಾರೆ. ಇದಕ್ಕೆ ಸರ್ಕಾರದ ಅನುಮತಿ ಬೇಡ, ಹೊಸ ಕಟ್ಟಡ ಬೇಡ.

ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಪ್ರತಿ ವರ್ಷ ಶೇ. 90ಕ್ಕಿಂತ ಹೆಚ್ಚು ಅಂಕ ಪಡೆದವರಿಗೆ ಶಾಲು ಹೊದಿಸಿ ನಗದು ಕೊಡುವ ಸಮಾರಂಭಗಳು ನಡೆಯುತ್ತವೆ. ಅವರು ನಮ್ಮ ಶಾಲಿಲ್ಲದೆಯೂ ಮುಂದೆ ಹೋಗುತ್ತಾರೆ. ಮುಂದಿನ ಸಲ ಆ ಹಣವನ್ನು 35ರಿಂದ 50ರೊಳಗೆ ಅಂಕ ಪಡೆದವರ ಬೇಸಿಗೆಯ ಊಟಕ್ಕೆ ಕೊಡಿರಿ. ಹಣಕ್ಕಿಂತ ಹೆಚ್ಚಾಗಿ, ಬೆಂಗಳೂರಿನಲ್ಲಿಯೂ ಹೊರದೇಶದಲ್ಲಿಯೂ ಇರುವವರು ವರ್ಷಕ್ಕೆ ಹತ್ತು ದಿನ ಬಂದು ನಿಲಯದಲ್ಲೇ ಉಳಿದು, ತಾವು ಹಿಂದೆ ಕಂಬಕ್ಕೊರಗಿ ಕಲಿತಂತೆ ಕಲಿಸಿರಿ. ನಿವೃತ್ತ ಅಧ್ಯಾಪಕರು ಆನಂದಪುರ, ರಿಪ್ಪನ್‌ಪೇಟೆ, ಸಾಗರಗಳಲ್ಲಿ ಸಾಕಷ್ಟಿದ್ದಾರೆ. ಕರೆದರೆ ಬಾರದವರಲ್ಲ, ಕರೆದವರಿಲ್ಲ.

ಆಡಳಿತ ಮಂಡಳಿಗಳಿಗೂ ಒಂದು ಮಾತು. ಜಾತ್ರೆಗೆ ಬಂದ ಅಕ್ಕಿಯ ಮೂಟೆಗಳೆಷ್ಟು, ಕಾಣಿಕೆಯೆಷ್ಟು, ಕೊಟ್ಟವರು ಯಾವ ಊರಿನವರು ಎಂಬ ಲೆಕ್ಕವನ್ನು ಮಠಗಳು ಒಂದು ಸೇರೂ ತಪ್ಪದಂತೆ ಅಚ್ಚು ಮಾಡಿಸಿ ಹಂಚುವ ಸಂಪ್ರದಾಯವಿದೆ. ಅದೇ ರೀತಿ ನಮ್ಮ ವಿದ್ಯಾಸಂಸ್ಥೆಗಳು ಪ್ರತಿ ಜೂನ್‌ನಲ್ಲಿ ಮೂರು ಅಂಕೆಗಳನ್ನು ಅಚ್ಚು ಮಾಡಿಸಲಿ: ಎರಡು ವರ್ಷದ ಹಿಂದೆ ಪದವಿಪೂರ್ವ ತರಗತಿಗೆ ಸೇರಿದವರೆಷ್ಟು, ಎರಡನೆಯ ವರ್ಷದ ಪರೀಕ್ಷೆಗೆ ಕುಳಿತವರೆಷ್ಟು, ಅವರಲ್ಲಿ ಕನ್ನಡ ಮಾಧ್ಯಮದಿಂದ ಬಂದವರೆಷ್ಟು.